ಚಾಕಣದ ಕಪ್ಲಿಂಗು

ಖಡಕಿ, ಪುಣೆ
೧೨ ಜನವರಿ ೨೦೨೫

ಮುಕ್ತಾ,

ಅಪ್ಪನ ಕೈಬರಹ ನೋಡಿ ಗಾಬರಿ ಆಗಬ್ಯಾಡ. ಯಾರಿಗೂ ಏನೂ ಆಗಿಲ್ಲ.

ಫೋನಿನ್ಯಾಗ ನಮ್ಮಿಬ್ಬರದು ನಡೀವಲ್ದು, ಅದಕ್ಕ ಬರದೀನಿ. ಹದಿನೆಂಟು ವರ್ಷ ಖಡಕಿ ಫ್ಯಾಕ್ಟರಿ, ಆಮ್ಯಾಲೆ ಚಾಕಣದ ನಮ್ಮ ಶೆಡ್ಡು. ಸುತ್ತಿಗಿ ಸಪ್ಪಳಕ್ಕ ನನ್ನ ಎಡಗಿವಿ ಪೂರ್ತಿ ಹೋಗೇದ, ಬಲಗಿವಿ ಅರ್ಧಾ ಹೋಗೇದ. ನಿನ್ನ ದನಿ ಹಡಗಿನಿಂದ ಬರೂದು ಬಾವಿಯೊಳಗಿಂದ ಬಂದಂಗ ಕೇಳಸತದ. 'ಊಟ ಆತೇನು' ಅಂತೀನಿ. 'ಆತ್ರಿ' ಅಂತಿ. ಅಷ್ಟಕ್ಕ ಫೋನ್ ಇಡತೀವಿ. ಕಾಗದ ಬರೀರಿ, ಫೋಟೋ ತಗದು ಈಮೇಲ್ ಮಾಡತೀನಿ ಅಂತ ನೀತಾ ಅಂದಳು. ನೀತಾ ಗೊತ್ತಲ್ಲ, ಶೆಡ್ಡಿನ ಮ್ಯಾನೇಜರು. ಈಗ ಎಲ್ಲಾ ಆಕಿದ ಕಾರಭಾರ.

ವಿಷಯ ಏನಂದ್ರ, ಪಶ್ಚಿಮ ಕರಾವಳಿಯ ಒಂದು ಬಂದರಿನ್ಯಾಗ ಹಡಗುಗಳಿಗೆ ಎಣ್ಣಿ ಬದಲಿ ಮೆಥನಾಲ್ ಇಂಧನ ತುಂಬಸೂ ಟಾಕಿ ಕಟ್ಟಾವ್ರು ಇದ್ದಾರ. ಅವರಿಗೆ ಪೈಪು ಜೋಡಸೂ ಕಪ್ಲಿಂಗು ಬೇಕಂತ. ಪೆಟ್ರೋಲ್ ಟ್ಯಾಂಕರಿಗೆ ನಾವು ಮಾಡತೀವಲ್ಲ, ಪೈಪು ಬಿಚ್ಚಿದ ಕೂಡಲೆ ಎರಡೂ ಕಡೆ ಬಾಯಿ ತಾನಾಗೇ ಮುಚ್ಚೂದು, ಅಂಥಾದ್ದ, ಆದ್ರ ಆಕಾರದಾಗ ಅದರಪ್ಪ. ಅದಕ್ಕ ಹೊಸಾ ಮಷೀನು, ಹೊಸಾ ಟೆಸ್ಟಿಂಗ್, ಶೆಡ್ಡಿನ ಹಿಂದಿನ ಜಾಗಾ ಎಲ್ಲಾ ಬೇಕು. ಒಮ್ಮೆ ರೊಕ್ಕಾ ಹಾಕಿದ್ರ ವಾಪಸ್ ತಗಿಯೂ ಹಂಗಿಲ್ಲ. ಹಾಕಲಿಲ್ಲಂದ್ರನೂ ಕಷ್ಟ ಅದ. ಚಾಕಣದಾಗ ಗಾಡಿಗೋಳು ಬ್ಯಾಟರಿ ಮ್ಯಾಲೆ ಓಡಾಕತ್ಯಾವ, ಪೆಟ್ರೋಲಿನ ಸಾಮಾನು ಇನ್ನೆಷ್ಟು ವರ್ಷ ಕೇಳತಾರ? ನಮ್ಮಲ್ಲಿ ಮೂವತ್ತೊಂದು ಮಂದಿ ಕೆಲಸಾ ಮಾಡತಾರ. ನೀತಾ ಈಗ ಹಾಕೂಣ್ರಿ ಅಂತಾಳ. ನನಗ ಒಂದು ವರ್ಷ ತಡಿಯೂಣು ಅನಸತದ.

ನಿನ್ನ ಹಡಗು ಮೆಥನಾಲ್ ಮ್ಯಾಲೂ ಓಡತದ ಅಂತ ಹೇಳಿದ್ದಿ. ಆ ಇಂಜಿನು ನಡಸಾಕಿ ನೀನು. ಹಾಕಲೇನು, ತಡಿಯಲೇನು? ಈ ಸಲ ನಿನ್ನ ಕೇಳೇ ಮಾಡಬೇಕಂತ ಅನಿಸೇದ.

ನಿನ್ನ ಅಪ್ಪ
ಹೊಳಬಸಪ್ಪ

•

ಹಡಗಿನಿಂದ
3 ಫೆಬ್ರುವರಿ 2025

ಅಪ್ಪಾ,

ಕಾಗದ ಮುಟ್ಟಿತು. ಕೇಳಿದ್ದಕ್ಕ ಉತ್ತರಾ ಬರೀತೀನಿ.

ನಮ್ಮ ಇಂಜಿನು ಎಣ್ಣಿ ಮ್ಯಾಲೂ ಓಡತದ, ಮೆಥನಾಲ್ ಮ್ಯಾಲೂ ಓಡತದ. ನಾ ಈ ಹಡಗು ಹತ್ತಿ ಎಂಟು ತಿಂಗಳಾತು. ಮೆಥನಾಲ್ ತುಂಬಿಸಿದ್ದು ಎರಡ ಸಲ. ಉಳದದ್ದೆಲ್ಲಾ ಎಣ್ಣಿನ. ಯಾಕಂದ್ರ ಸಿಗೂದಿಲ್ಲ. ಹಡಗು ಬರಲಿ, ಆಮ್ಯಾಲೆ ಟಾಕಿ ಕಟ್ಟತೀವಿ ಅಂತಾರ ಬಂದರಿನವರು. ಟಾಕಿ ಆಗಲಿ, ಆಮ್ಯಾಲೆ ಹಡಗು ಕಳಸತೀವಿ ಅಂತಾರ ಹಡಗಿನವರು. ಮೆಥನಾಲೋ, ಅಮೋನಿಯಾನೋ, ಯಾವುದು ಉಳೀತದ ಅಂತ ಇನ್ನೂ ಯಾರಿಗೂ ಗೊತ್ತಿಲ್ಲ. ಏಪ್ರಿಲದಾಗ ಲಂಡನ್ನಿನಾಗ ಎಲ್ಲಾ ದೇಶದವರ ಸಭಾ ಅದ, ಹಡಗಿನ ಹೊಗಿ ಮ್ಯಾಲೆ ದಂಡಾ ಹಾಕೂ ಮಾತು ನಡದದ. ಅದು ಆಗೂತನಕ ಏನೂ ಮಾಡಬ್ಯಾಡ್ರಿ.

ಕಾಯೂದೇನು ನಿಮಗ ಹೊಸಾದಲ್ಲ.

ಮುಕ್ತಾ

•

ಖಡಕಿ, ಪುಣೆ
೨೭ ಫೆಬ್ರುವರಿ ೨೦೨೫

ಮುಕ್ತಾ,

ನೀ ಬರದದ್ದು ನೀತಾಗ ಓದಿ ಹೇಳಿದೆ. ಕಡೀ ಸಾಲು ಓದಲಿಲ್ಲ. ಅದು ನನಗ ಬರದದ್ದು, ನಾ ಇಟಗೊಂಡೀನಿ.

ಹೋದ ವಾರ ನಾನೂ ನೀತಾನೂ ಆ ಬಂದರಿಗೆ ಹೋಗಿದ್ವಿ. ಟಾಕಿ ಅಂತ ಅಲ್ಲಿ ಏನೂ ಇಲ್ಲ. ಉಪ್ಪಿನ ಮಣ್ಣಿನ ಬಯಲು, ನಾಕು ಕಡೆ ಸುಣ್ಣದ ಗೆರಿ, ನಡುವ ಕಟ್ಟಿಗಿ ಗೂಟಾ. ಕಂಪನಿ ಮನಷ್ಯಾ ಗೂಟದ ಹತ್ರ ನಿಂತು, "ಇದು ಒಂದನೇ ಟಾಕಿ, ಅದು ಎರಡನೇದು" ಅಂತ ತೋರಿಸಿದ. ಅಲ್ಲಿ ಒಂದು ಎಮ್ಮಿ ಮಲಗಿತ್ತು.

"ಯಾವಾಗ ಕಟ್ಟತೀರಿ?" ಅಂತ ಕೇಳಿದೆ.

"ಗಿರಾಕಿ ಹಡಗು ಖಾತ್ರಿ ಆದ ಮ್ಯಾಲೆ," ಅಂದ. "ನೀವು ಕಪ್ಲಿಂಗು ಯಾವಾಗ ಕೊಡತೀರಿ?"

ಟಾಕಿ ಖಾತ್ರಿ ಆದ ಮ್ಯಾಲೆ ಅಂತ ಹೇಳಾಕ ಬಾಯಿ ತಗದಿದ್ದೆ. ನೀತಾ ಮೊಣಕೈಲೆ ತಿವದಳು.

ಬರೂಮುಂದ ರೈಲಿನ್ಯಾಗ ಆಕಿ ಹೇಳಿದಳು: "ಸರ್, ಎಲ್ಲಾರೂ ತಯಾರಾಗೂತನಕ ಕಾದ್ರ ಅವತ್ತು ನಮ್ಮಂಥಾವ್ರನ್ನ ಯಾರೂ ಕೇಳಂಗಿಲ್ಲ. ದೊಡ್ಡವರು ಬಂದಿರತಾರ." ಅದೂ ಖರೇನ. ನೀ ಹೇಳೂದೂ ಖರೇನ. ಎರಡೂ ಖರೇ ಇದ್ದಾಗ ಮನಷ್ಯಾ ಏನು ಮಾಡಬೇಕೋ ತಿಳೀವಲ್ದು.

ಏಪ್ರಿಲ್‌ತನಕ ತಡೀತೀನಿ. ಅಲ್ಲಿ ಥಂಡಿ ಇದ್ರ ಕಿವಿಗೆ ಕಟಗೋ.

ನಿನ್ನ ಅಪ್ಪ

•

ಹಡಗಿನಿಂದ
21 ಏಪ್ರಿಲ್ 2025

ಅಪ್ಪಾ,

ಲಂಡನ್ ಸಭೆಯೊಳಗ ಒಪ್ಪಿಗಿ ಆತು, ಅದನ್ನ ನೀವು ಪೇಪರಿನ್ಯಾಗ ಓದಿರತೀರಿ. ಅಕ್ಟೋಬರದಾಗ ಕಡೀ ಮತಾ ಹಾಕತಾರ. ನೀತಾ ಖುಷಿಯಾಗಿರಬೇಕು.

ಇಲ್ಲಿ ಒಂದು ಆಗೇದ. ಬ್ಯಾರೆಯವರ ಬಾಯಿಂದ ನಿಮಗ ತಿಳಿಯೂದು ಬ್ಯಾಡ ಅಂತ ನಾನ ಬರೀತೀನಿ. ನನಗೇನೂ ಆಗಿಲ್ಲ.

ಹದಿನೇಳಕ್ಕ ಒಂದು ಬಂದರಿನ ಹೊರಗ ಲಂಗರು ಹಾಕಿ ಮೆಥನಾಲ್ ತುಂಬಸಾಕತ್ತಿದ್ವಿ. ಇಂಧನದ ದೋಣಿ ಬಗಲಾಗ ಬಂದು ನಿಲ್ಲತದ, ಅಲ್ಲಿಂದ ನಮ್ಮ ಹಡಗಿಗೆ ಪೈಪು ಕೂಡಸತಾರ. ನಡುಮಧ್ಯಾಹ್ನ, ಬಿಸಿಲು ಕಣ್ಣು ಕುಕ್ಕತಿತ್ತು. ಪೈಪಿನ ಹತ್ರ ನಾನೂ ಭೀಮಣ್ಣನೂ ನಿಂತಿದ್ವಿ. ಭೀಮಣ್ಣ ನಮ್ಮ ಹಡಗಿನ ಫಿಟ್ಟರು, ಬಾಗಲಕೋಟಿ ಕಡೆಯವ, ಐವತ್ತು ದಾಟೇದ. ಇಡೀ ಹಡಗಿನ್ಯಾಗ ನನ್ನ ಕೂಡ ಕನ್ನಡ ಮಾತಾಡಾವ ಅವನೊಬ್ಬನ.

ಅವ ಒಮ್ಮೆಲೆ "ಮೇಡಮ್ಮಾರ, ಕೈ ಸುಡಾಕತ್ತದ್ರಿ" ಅಂದ. ನೋಡಿದ್ರ ಏನೂ ಇಲ್ಲ. ಬೆಂಕಿ ಇಲ್ಲ, ಹೊಗಿ ಇಲ್ಲ. ಮೆಥನಾಲ್ ಉರಿ ಬಿಸಿಲಾಗ ಕಣ್ಣಿಗೆ ಕಾಣೂದಿಲ್ಲ, ಅಪ್ಪಾ. ಪುಸ್ತಕದಾಗ ಓದಿದ್ದೆ. ಅವನ ತೋಳಿನ ಮ್ಯಾಲೆ ಗಾಳಿ ನಡಗಿದಂಗ ಕಾಣತಿತ್ತು, ಬಾಜೂಕಿನ ಕಂಬದ ಬಣ್ಣ ಗುಳ್ಳಿ ಏಳತಿತ್ತು, ಅಷ್ಟ. ಗುಂಡಿ ಒತ್ತಿ ಪಂಪು ನಿಲ್ಲಿಸಿ ಅವನ ಮ್ಯಾಲೆ ನೀರು ಬಿಟ್ಟೆ. ಬಲಗೈ ಮೊಣಕೈತನಕ ಸುಟ್ಟದ. ಬಂದರಿನ ದವಾಖಾನ್ಯಾಗ ಇದ್ದಾನ. ಬೆರಳು ಮಡಚಾಕ ಬರತಾವಂತ.

ಕಪ್ಲಿಂಗು ಸೋರಿತ್ತು. ಕಪ್ಲಿಂಗಿನೊಳಗಿನ ರಬ್ಬರ್ ರಿಂಗು ಪೆಟ್ರೋಲಿಗೆ ಹಾಕೂ ಜಾತಿದ್ದು. ಮೆಥನಾಲಿನ್ಯಾಗ ಅದು ಹಪ್ಪಳದಂಗ ಉಬ್ಬಿ, ಕೂತ ಜಾಗಾ ಬಿಟ್ಟು ಎದ್ದಿತ್ತು. ಯಾರೋ ಗಡಿಬಿಡಿಯೊಳಗ ಮಾಡಿ ಮಾರಿದ ಮಾಲು.

ಯಾವಾಗ ಹಾಕಬೇಕು ಅಂತ ಕೇಳಿದ್ರಿ. ನನಗ ಗೊತ್ತಿಲ್ಲ. ಹಾಕಿದ್ರ ಹಿಂಗ ಹಾಕಬ್ಯಾಡ್ರಿ.

ಮುಕ್ತಾ

•

ಖಡಕಿ, ಪುಣೆ
೪ ಮೇ ೨೦೨೫

ಮುಕ್ತಾ, ನನ್ನವ್ವಾ,

ನನಗೇನೂ ಆಗಿಲ್ಲ ಅಂತ ಬರದಿ. ಅವನ ಮಗ್ಗಲದಾಗ ನಿಂತಿದ್ದಿ ಅಂತನೂ ಬರದಿ. ಎರಡೂ ಸಾಲು ತಿರಗ ಮುರಗ ಓದೀನಿ.

ನಿನ್ನ ಕಾಗದ ಬಂದ ಮರುದಿನ ಐದು ಕಂಪನಿಯ ರಬ್ಬರ್ ರಿಂಗು ತರಿಸಿದೆ. ಅಡಗಿಮನಿ ಮ್ಯಾಲಿನ ಹಲಗಿಯಿಂದ ನಿಮ್ಮವ್ವನ ಉಪ್ಪಿನಕಾಯಿ ಭರಣಿ ಐದು ಇಳಿಸಿ ಚಾಕಣಕ್ಕ ಒಯ್ದು, ಮೆಥನಾಲ್ ಹಾಕಿ, ಒಂದೊಂದರಾಗ ಒಂದೊಂದು ರಿಂಗು ಬಿಟ್ಟೀನಿ. ದಿನಾ ಮುಂಜಾನೆ ತಗದು ಅಳತಿ ಮಾಡತೀನಿ. ಎರಡು ಆಗಲೇ ಉಬ್ಬ್ಯಾವ. ಮಷೀನು ಈಗ ಬ್ಯಾಡ ಅಂತ ನೀತಾಗ ಹೇಳೀನಿ. ಇದ್ದ ಲೇತಿನ ಮ್ಯಾಲೆನ ಇಪ್ಪತ್ತು ಕಪ್ಲಿಂಗು ಮಾಡತೀವಿ, ಟೆಸ್ಟಿಂಗಿನ ಬೆಂಚು ಒಂದು ಹಾಕತೀವಿ. ಬಂದರು ತಗೋಲಿ, ಬಿಡಲಿ. ಸೋರಲಾರದ್ದು ಹೆಂಗಿರತದ ಅಂತ ಮೊದಲ ನಮಗ ತಿಳೀಬೇಕು.

ಭರಣಿ ತೊಳಿಯೂಮುಂದ ಒಂದರಾಗ ಇನ್ನೂ ಸಾಸಿವಿ ವಾಸನಿ ಇತ್ತು. ಮೂರು ವರ್ಷದಿಂದ ಹೇಳಬೇಕಾದ್ದು ಇವತ್ತ ಬರೀತೀನಿ.

ನಿಮ್ಮವ್ವ ಗೌರಾಗ ಇನ್ನ ಆರು ವಾರ ಅಷ್ಟ ಅಂದಿದ್ರು ಡಾಕ್ಟರು. ನಿನ್ನ ಇಂಜಿನಿಯರ್ ಪರೀಕ್ಷಾಕ್ಕ ಹಡಗಿನ ಮ್ಯಾಲೆ ಕಳೀಬೇಕಾದ ದಿನಾ ತುಂಬಾಕ ಎರಡು ತಿಂಗಳು ಉಳದಿತ್ತು. 'ಮಗಳಿಗೆ ತಿಳಿಸಬ್ಯಾಡ್ರಿ ಅಂತ ಗೌರಾನ ಹೇಳಿದ್ಲು' ಅಂತ ನಿನಗೂ ಹೇಳೀನಿ, ಬಂದ ಮಂದಿಗೂ ಹೇಳೀನಿ. ಅದು ಸುಳ್ಳು. ಆಕಿ ದಿನಾ ಕೇಳತಿದ್ಲು, "ಮುಕ್ತಾಗ ತಿಳಿಸೀರಿ?" ಅಂತ. "ತಿಳಿಸೀನಿ, ಹೊಂಟಾಳ" ಅಂತಿದ್ದೆ. "ಒಂದು ಫೋನ್ ಹಚ್ಚಿಕೊಡ್ರಿ" ಅಂದ್ರ, ಹಡಗು ನಡು ಸಮುದ್ರದಾಗದ, ಹತ್ತಂಗಿಲ್ಲ ಅಂತಿದ್ದೆ. ಇನ್ನೆರಡು ದಿನಾ ನೋಡೂಣು, ಸುಧಾರಿಸಿದ್ರ ಹೇಳೂದ ಬ್ಯಾಡ ಅಂತ ಒಂದೊಂದು ದಿನಾ ದೂಡಿದೆ. ಕಡೀ ವಾರ ಆಕಿ ಕೇಳೂದು ಬಿಟ್ಟಳು. ಬಾಗಿಲ ಕಡೆ ಮಾರಿ ಮಾಡಿ ಮಲಗತಿದ್ಲು.

ಮಣ್ಣಾದ ಮೂರು ದಿನಕ್ಕ ನೀ ಬಂದಿ. 'ಅವ್ವ ನನ್ನ ಬ್ಯಾಡ ಅಂದ್ಲಾ?' ಅಂತ ಕೇಳಿದಿ. ಆಗರೆ ಹೇಳಬೇಕಿತ್ತು.

ಆಕಿ ನಿನ್ನ ಬ್ಯಾಡ ಅಂದಿರಲಿಲ್ಲವ್ವಾ.

ಅಪ್ಪ

•

ಖಡಕಿ, ಪುಣೆ
೨೨ ಜೂನ್ ೨೦೨೫

ಮುಕ್ತಾ,

ನಿನ್ನ ಉತ್ತರಾ ಬರಲಿಲ್ಲ. ಬರಬೇಕಂತ ನಾ ಒತ್ತಾಯ ಮಾಡೂದಿಲ್ಲ. ನೀತಾ ದಿನಾ ಈಮೇಲ್ ನೋಡಿ, ನಾ ಕೇಳೂಕಿಂತ ಮೊದಲ ತಲಿ ಅಲ್ಲಾಡಸತಾಳ.

ಐದು ರಿಂಗಿನ್ಯಾಗ ಒಂದು ಐವತ್ತು ದಿನಾ ಆದ್ರೂ ಕೂದಲೆಳಿಯಷ್ಟೂ ಉಬ್ಬಿಲ್ಲ. ಅದನ್ನ ಹಾಕತೀವಿ. ಭೀಮಣ್ಣನ ಕೈ ಹೆಂಗದ? ಅಷ್ಟರೆ ಯಾರ ಕಡೆಯಿಂದರೆ ತಿಳಿಸು.

ಅಪ್ಪ

•

ಖಡಕಿ, ಪುಣೆ
೧೪ ಆಗಸ್ಟ್ ೨೦೨೫

ಮುಕ್ತಾ,

ಹದಿನೈದು ದಿನದಿಂದ ಶೆಡ್ಡಿನ ಮೆಟ್ಟಲಾ ಹತ್ತಿದ್ರ ಎದಿ ಹಿಡೀತಿತ್ತು. ನೀತಾ ಬೈದು ದವಾಖಾನಿಗೆ ಕರಕೊಂಡು ಹೋದಳು. ಎದಿಯ ರಕ್ತನಾಳ ಮೂರು ಕಡೆ ಕಟ್ಯಾವ. ಇದೇ ತಿಂಗಳು ಇಪ್ಪತ್ತೆಂಟಕ್ಕ ಎದಿ ತೆರದು ಆಪರೇಶನ್ ಮಾಡತಾರ. ಡಾಕ್ಟರು ಹೆದರೂದೇನಿಲ್ಲ ಅಂತಾರ. ನನಗ ಹೆದರಿಕಿ ಅದ.

ಬಾ ಅಂತ ಬರದಿಲ್ಲ. ಬರಬ್ಯಾಡ ಅಂತನೂ ಬರದಿಲ್ಲ. ಅದನ್ನ ನಿನ್ನ ಪರವಾಗಿ ನಾ ತೀರ್ಮಾನಾ ಮಾಡಬಾರದು. ರಿಪೋರ್ಟು ಇವತ್ತ ಮಧ್ಯಾಹ್ನ ಕೈಗೆ ಬಂತು, ಮನಿಗೆ ಬಂದವನ ಇದನ್ನ ಬರದೀನಿ.

ಅಪ್ಪ

•

16 ಆಗಸ್ಟ್ 2025

ಅಪ್ಪಾ,

ಕೊಲಂಬೊದಾಗ ಇಳೀತೀನಿ. ಇಪ್ಪತ್ತೊಂದಕ್ಕ ಸಂಜಿಮುಂದ ಮನಿಗೆ ಬರತೀನಿ. ಡಾಕ್ಟರ ನಂಬರು ನೀತಾಗ ಕಳಸಾಕ ಹೇಳ್ರಿ. ಮೆಟ್ಟಲಾ ಹತ್ತಬ್ಯಾಡ್ರಿ.

ಮೇ ತಿಂಗಳ ಕಾಗದ ಓದೀನಿ. ಆದ್ರೂ ಬರತೀನಿ.

ಮುಕ್ತಾ

•

ಖಡಕಿ, ಪುಣೆ
೨೫ ಅಕ್ಟೋಬರ್ ೨೦೨೫

ಮುಕ್ತಾ,

ನೀ ಹೋಗಿ ಹತ್ತು ದಿನಾ ಆತು. ಎದಿ ಹೊಲಿಗಿ ಒಣಗೇದ. ಮುಂಜಾನೆ ಖಡಕಿ ಬಾಜಾರತನಕ ಒಬ್ಬನ ನಡದು ಬರತೀನಿ. ಗುಳಿಗಿ ಡಬ್ಬಿ ಮ್ಯಾಲೆ ನೀ ಅಂಟಿಸಿದ ಚೀಟಿ ಹಂಗ ಅದ.

ಏಳೆಂಟು ವಾರ ಮನಿಯೊಳಗಿದ್ದಿ. ಅವ್ವನ ವಿಷಯ ನೀನೂ ತಗೀಲಿಲ್ಲ, ನಾನೂ ತಗೀಲಿಲ್ಲ. ಆದ್ರ ಒಂದಿನ ಹೇಳದ ಕೇಳದ ಕಾತ್ರಜಕ್ಕ ಹೋಗಿ ಬೆಳಗಾವಿ ಬಸ್ಸು ಹತ್ತಿದೆಲ್ಲ, ನಮ್ಮೂರು ಬೈಲಹೊಂಗಲಕ್ಕ ಹೊಂಟೀಯಂತ ನನಗ ತಿಳೀತು. ಮರುದಿನ ಸಂಜಿಕ ಬಂದು ಬಾಗಿಲದಾಗ ಚಪ್ಪಲಿ ಬಿಟ್ಟಿ. ಕೆಂಪು ಮಣ್ಣು ಹತ್ತಿತ್ತು. "ಅವ್ವನ ಗದ್ದಿಗಿ ಕಲ್ಲು ಒಂದು ಕಡೆ ಕುಸದಿತ್ರಿ. ಸರಿ ಕೂಡ್ರಿಸಿ ಬಂದೀನಿ" ಅಂದಿ. "ಚಲೋ ಆತು" ಅಂದೆ. ಎರಡು ತಾಟು ಹಚ್ಚಿದಿ. ಅವತ್ತಿನ ಊಟದ ರುಚಿ ಇನ್ನೂ ಬಾಯಾಗದ.

ಈಗ ಕೆಟ್ಟ ಸುದ್ದಿ. ಲಂಡನ್ ಸಭೆಯವರು ಮತಾ ಹಾಕಲಾರದ ಒಂದು ವರ್ಷ ಮುಂದಕ್ಕ ಹಾಕ್ಯಾರ. ನಾಕ ದಿನಕ್ಕ ಬಂದರಿನ ಕಂಪನಿಯಿಂದ ಪತ್ರ ಬಂತು, ಟಾಕಿ ಕೆಲಸಾ ಸದ್ಯಕ್ಕ ನಿಲ್ಲಿಸೀವಿ ಅಂತ. ಇಪ್ಪತ್ತು ಕಪ್ಲಿಂಗು ಪೆಟಿಗಿಯೊಳಗ ಕೂತಾವ. ಆ ದೊಡ್ಡ ಮಷೀನು ಹಾಕಿದ್ವಿ ಅಂದ್ರ ಇವತ್ತ ಶೆಡ್ಡು ಮುಳುಗತಿತ್ತು. ಆದ್ರೂ ನೀತಾ ಎರಡು ದಿನಾ ಬೆಂಚಿನ ಖರ್ಚಿನ ಲೆಕ್ಕಾ ಹಾಕತ ಕೂತಳು. ನಿನ್ನೆ ಕೇಳಿದಳು, "ಸರ್, ಬೆಂಚು ಬಿಚ್ಚಿಸಿ ಟ್ಯಾಂಕರಿನ ಕೆಲಸಕ್ಕ ಜಾಗಾ ಮಾಡೂಣೇನ್ರಿ?"

ಹೂಂ ಅನ್ನಾಕ ಮನಸ್ಸಾಗವಲ್ದು. ಇದು ಹಟಾನೋ, ತಿಳುವಳಿಕಿನೋ ನನಗ ತಿಳೀವಲ್ದು. ನೀ ಹೇಳು.

ಅಪ್ಪ

•

ಹಡಗಿನಿಂದ
9 ನವೆಂಬರ್ 2025

ಅಪ್ಪಾ,

ಬೆಂಚು ಬಿಚ್ಚಬ್ಯಾಡ್ರಿ. ಹೊಸಾ ಮಷೀನೂ ತರಬ್ಯಾಡ್ರಿ.

ನಾ ಹಿಂಗ ವಿಚಾರ ಮಾಡೀನಿ. ಸಭಾ ಮುಂದಕ್ಕ ಹೋಗೇದ, ಹಡಗುಗೋಳು ಹೋಗಿಲ್ಲ. ನಮ್ಮಂಥಾ ಎರಡೂ ಕುಡಿಯೂ ಇಂಜಿನಿನ ಹಡಗು ಆಗಲೇ ಕಟ್ಟಿ ನೀರಿಗೆ ಬಿಟ್ಟಾರ, ಇನ್ನೂ ಕಟ್ಟಾಕತ್ತಾರ. ಒಂದು ಹಡಗು ಇಪ್ಪತ್ತೈದು ವರ್ಷ ಬಾಳತದ. ಯಾವತ್ತೋ ಒಂದಿನ ಅವಕ್ಕ ತುಂಬಸೂದು ಬಂದ ಬರತದ. ಆ ದಿನಾ ಯಾವುದು ಅಂತ ಹೇಳಾವ್ರು ಯಾರೂ ಇಲ್ಲ. ತಾರೀಖು ಗೊತ್ತಿಲ್ಲದ ಕೆಲಸಕ್ಕ ಇಡೀ ಶೆಡ್ಡು ಪಣಕ್ಕ ಇಡಬಾರದು, ಕಲತ ಕೈ ಮರೀಲಿಕ್ಕೂ ಬಿಡಬಾರದು. ಇಬ್ಬರನ್ನ ಬೆಂಚಿನ ಮ್ಯಾಲೆ ಇಡ್ರಿ, ಉಳದವರು ಟ್ಯಾಂಕರಿನ ಕೆಲಸಾ ಮಾಡಲಿ.

ಇನ್ನೊಂದು. ಟಾಕಿ ಆಗದಿದ್ರೂ ಹಡಗಿನ್ಯಾಗ ಪೈಪು ಇದ್ದ ಇರತಾವ. ನಮ್ಮ ಕಂಪನಿಯ ಸುಪರಿಂಟೆಂಡೆಂಟ್‌ಗೆ ಬರದಿದ್ದೆ. ನಮ್ಮಪ್ಪಾರ ಶೆಡ್ಡು ಅಂತ ಮೊದಲ ಸಾಲಿನ್ಯಾಗ ಬರದೀನಿ, ಮುಚ್ಚಿಟ್ಟಿಲ್ಲ. ಆರು ಕಪ್ಲಿಂಗು ಕಳಸಾಕ ಹೇಳ್ಯಾರ. ತಪಾಸಣಿ ಸಂಸ್ಥೆಯವರು ಮುರದು, ಸುಟ್ಟು, ಹಿಂಡಿ ನೋಡತಾರ. ನಪಾಸಾದ್ರ ನನಗ ಸಿಟ್ಟ ಮಾಡಬ್ಯಾಡ್ರಿ.

ಭೀಮಣ್ಣ ವಾಪಸ್ ಬಂದಾನ. ಕಿರುಬೆರಳು ಪೂರಾ ಮಡಚೂದಿಲ್ಲ. ಚಹಾದ ಕಪ್ಪು ಹಿಡದಾಗ ಸಾಹೇಬರಂಗ ಕಾಣತೀನಿ ಅಂತ ನಗತಾನ.

ನಿಮ್ಮ ಮುಕ್ತಾ

•

ಖಡಕಿ, ಪುಣೆ
೬ ಜನವರಿ ೨೦೨೬

ಮುಕ್ತಾ,

ಆರರಾಗ ಎರಡು ನಪಾಸು! ಬಾಯಿ ಮುಚ್ಚೂ ಸ್ಪ್ರಿಂಗು ಸಡಲು ಅಂತ ಬರದಾರ. ಅವರು ಬರದದ್ದು ಬರೋಬ್ಬರಿ ಅದ, ನಾ ಬಿಚ್ಚಿ ನೋಡಿದೆ. ತಪ್ಪು ನಂದ. ಬ್ಯಾರೆ ಸ್ಪ್ರಿಂಗು ಹಾಕಿ ಮತ್ತ ಆರು ಕಳಿಸೀವಿ. ನೀತಾ ಪೆಟಿಗಿಗೆ ಕುಂಕುಮ ಹಚ್ಚಿದಳು. ಆಕಿ ಹಚ್ಚೂಕಿಂತ ಮೊದಲ ನಾ ಇನ್ನೊಮ್ಮೆ ಅಳತಿ ಮಾಡಿದ್ದೆ.

ನಿಮ್ಮವ್ವಗ ಇದೆಲ್ಲಾ ಕೇಳಿದ್ರ ನಗು ಬರತಿತ್ತು. ಮನಿ ನಳಾ ಸೋರತಿದ್ರ ನಾ ವರ್ಷಗಟ್ಟಲೆ ಬಿಡಾವ. ಆಕಿ ಬಗ್ಗೆ ಹಿಂಗ ಬರಿಯೂದು ನಿನಗ ನಡೀತದೇನು? ಬ್ಯಾಡಂದ್ರ ಬಿಡತೀನಿ.

ಅಪ್ಪ

•

ಹಡಗಿನಿಂದ
8 ಮಾರ್ಚ್ 2026

ಅಪ್ಪಾ,

ಬರೀರಿ. ಅವ್ವನ ಬಗ್ಗೆ ಎಷ್ಟರೆ ಬರೀರಿ.

ನಿನ್ನೆ ಮಧ್ಯಾಹ್ನ ಸಿಂಗಾಪುರದ ಹೊರಗ ಮೆಥನಾಲ್ ತುಂಬಿಸಿದ್ವಿ. ನಮ್ಮ ಕಡೆಯ ಪೈಪಿಗೆ ಚಾಕಣದ ಕಪ್ಲಿಂಗು, ಎರಡನೇ ಸಲ ಕಳಿಸಿದ ಆರೂ ಪಾಸಾದ್ವಲ್ಲ, ಅದ ಜಾತಿದ್ದು. ಒಂಬತ್ತು ತಾಸು ಹಿಡೀತು. ಉರಿ ನೋಡೂ ಕ್ಯಾಮೆರಾ ಈಗ ನಮ್ಮ ಕೈಯಾಗ ಕೊಟ್ಟಾರ, ಆದ್ರೂ ನಾ ಕಣ್ಣು ಅಲ್ಲಿಂದ ತಗೀಲಿಲ್ಲ. ಮುಗದ ಮ್ಯಾಲೆ ಪೈಪು ಬಿಚ್ಚೂದಿತ್ತು. ಆ ಕೆಲಸಾ ಬ್ಯಾರೆಯವರಿಗೆ ಹೇಳಿದ್ದೆ.

"ನಾನ ಬಿಚ್ಚತೀನ್ರಿ" ಅಂತ ಭೀಮಣ್ಣ ಮುಂದ ಬಂದ.

"ಬ್ಯಾಡ ಅಣ್ಣಾ."

"ನಿಮ್ಮಪ್ಪಾರು ಮಾಡಿದ್ದು ಅಂದ್ರೆಲ್ರಿ. ಮತ್ತ್ಯಾಕ ಅಂಜತೀರಿ?"

ಬಿಚ್ಚಿದ. ಟಪ್ ಅಂತ ಎರಡೂ ಬಾಯಿ ಮುಚ್ಚಿದ್ವು. ಕೈಗವಸು ತಗದು ಕೆಳಗಿನ ಸ್ಟೀಲಿನ ತಾಟಿನ್ಯಾಗ ಬೆರಳಾಡಿಸಿ ನನಗ ತೋರಿಸಿದ. ಒಣಾ. ಒಂದು ಹನಿ ಇಲ್ಲ. ಮತ್ತ ಕೈಗವಸು ಹಾಕ್ಕೊಂಡು ಹೋದ. ನಾನೂ ಬಗ್ಗಿ ತಾಟಿಗೆ ಬೆರಳು ಹಚ್ಚಿ ನೋಡಿದೆ.

ಕಂಪನಿಯವರು ಇನ್ನೂ ಮೂರು ಹಡಗಿಗೆ ಕೇಳತಾರ. ಅದು ದೊಡ್ಡ ಆರ್ಡರ್ ಅಲ್ಲ, ಬೆಂಚು ಒಂದು ವರ್ಷ ನಡದೀತು. ಬಂದರಿನ ಟಾಕಿ ಯಾವಾಗ ಏಳತದೋ ಗೊತ್ತಿಲ್ಲ. ಏಳೂತನಕ ಇಷ್ಟ ಸಾಕು.

ಇನ್ನೊಂದು ಮಾತು. ಮುಖಾ ನೋಡಿ ಹೇಳಾಕ ಆಗಲಿಲ್ಲ, ಅದಕ್ಕ ಬರೀತೀನಿ. ಅವ್ವ ಬಾಗಿಲ ಕಡೆ ಮಾರಿ ಮಾಡಿ ಮಲಗಿದ್ದು ನನಗ ದಿನಾ ನೆನಪಾಗತದ. ನಿಮ್ಮ ಮ್ಯಾಲೆ ಸಿಟ್ಟು ಇನ್ನೂ ಅದ, ಅಪ್ಪಾ. ಸುಳ್ಳು ಹೇಳೂದಿಲ್ಲ. ಅದು ತೀರಾಕ ಭಾಳ ವರ್ಷ ಬೇಕು. ಅಷ್ಟೂ ವರ್ಷ ನೀವು ಇರಬೇಕು.

ಗುಳಿಗಿ ತಪ್ಪಿಸಬ್ಯಾಡ್ರಿ.

ನಿಮ್ಮ ಮಗಳು
ಮುಕ್ತಾ